ಕಳೆದ ತೂಕ

ಬೆಳಗಿನ ಜಾವ ಮೂರೂಕಾಲಿಗೆ
ಯಮನೂರಸಾಬ ಬೂದಿ ತಂದ,
ಹಳೇ ಡಬ್ಬಿಯೊಂದರ ಮುಚ್ಚಳದಲ್ಲಿ,
ಎರಡೂ ಕೈ ಕೆಳಗಿಟ್ಟು.
"ಇನ್ನಾ ಬೆಚ್ಚಗೈತ್ರಿ ಮೇಡಂ."

ಗಿಣಿಗೇರಿಯ ಈ ಕಾರ್ಖಾನೆಯಲ್ಲಿ
ಕಲ್ಲಿದ್ದಲನ್ನು ಪೂರ್ತಿ ಉರಿಯಗೊಡುವುದಿಲ್ಲ.
ಗಾಳಿಯನ್ನು ಅಳೆದು ಕೊಟ್ಟು, ಹಬೆಯೂದಿ,
ಉಸಿರುಗಟ್ಟಿಸಿ ಕೇಳುತ್ತಾರೆ: ಕಕ್ಕು, ಒಳಗಿರುವುದನ್ನು ಕಕ್ಕು.
ಕಕ್ಕುತ್ತದೆ.
ಅನಿಲ ಕೊಳವೆ ಹಿಡಿದು ಗೂಡಿಗೆ ಹೋಗುತ್ತದೆ,
ಮಿಕ್ಕಿದ್ದು ಕೆಳಗೆ
ನೀರು ನಿಂತ, ನಿಧಾನ ತಿರುಗುವ ತಟ್ಟೆಗೆ.

ಯಮನೂರಸಾಬನದು ಸಲಾಕೆಯ ಲೆಕ್ಕ.
ಮೇಲಿನ ತೂತಿನಿಂದ ತಳ ಮುಟ್ಟುವ ತನಕ ಇಳಿಸಿ
ಒಂದು ಬೀಡಿಯಷ್ಟು ಹೊತ್ತು ಬಿಟ್ಟು ಎಳೆದರೆ
ಕೆಂಪಾದಷ್ಟು ಬೆಂಕಿ,
ಅದರ ಕೆಳಗೆ ಕಪ್ಪಗೇ ಇದ್ದಷ್ಟು ಬೂದಿ.
"ಬೆಂಕಿ ಒಂದು ಗೇಣು. ಬೂದಿ ಗೇಣಿನ ಮ್ಯಾಲ ನಾಕು ಬಳ್ಳು."
ನನ್ನ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿದೆ,
ನಾನು ಉಸಿರಾಡಿದರೂ ಅಲುಗುತ್ತದೆ.

ಒಣಗಿಸಿ, ಅರೆದು, ಮೂಸೆಗೆ ಒಂದು ಗ್ರಾಮು ಹಾಕಿ
ಎಂಟುನೂರ ಹದಿನೈದು ಡಿಗ್ರಿಗೆ ದೂಡುತ್ತೇನೆ.
ಬೂದಿಯನ್ನು ಮತ್ತೆ ಸುಡುವುದೇ ನನ್ನ ನೌಕರಿ.
ಎರಡನೇ ಸಲ ಸುಟ್ಟಾಗ ಎಷ್ಟು ಕಳೆಯಿತೋ
ಅಷ್ಟು ಮೊದಲ ಬೆಂಕಿಗೆ ಸಿಕ್ಕಿರಲಿಲ್ಲ.

ಸಿಲಿಕಾ ಐವತ್ತೆರಡು ದಶಾಂಶ ಒಂದು,
ಅಲ್ಯುಮಿನಾ ಇಪ್ಪತ್ತೆರಡು ಚಿಲ್ಲರೆ,
ಕಬ್ಬಿಣ ಆರಕ್ಕೆ ಒಂದು ಕೂದಲು ಕಡಿಮೆ,
ಸುಣ್ಣ ಎರಡೂವರೆಯೂ ಇಲ್ಲ
(ನಮ್ಮಜ್ಜನ ಹಣೆಯ ಬೂದಿಯಲ್ಲಿ ಇದಕ್ಕಿಂತ ಹೆಚ್ಚಿದ್ದೀತು),
ಮೆಗ್ನೀಷಿಯಾ, ಟೈಟಾನಿಯಾ, ಪೊಟ್ಯಾಷು ಹೆಸರಿಗಷ್ಟೇ.
ಒಂದು ಕಾಲಕ್ಕೆ ಇದು ಕೆಸರು.
ಯಾವುದೋ ಹೊಳೆ ಮರದ ಬೇರಿಗೆ ತಂದು ಮೆತ್ತಿದ ಜೇಡಿ.
ಮರ ಇದ್ದಲಾಯಿತು, ಜೇಡಿ ಸುಮ್ಮನೆ ಜೊತೆಗಿತ್ತು.
ಇಲ್ಲಿ, ಈ ಉರಿಯಲ್ಲಿ, ನೀರು ಬಿಟ್ಟುಕೊಟ್ಟು
ಮುಲೈಟ್ ಎಂಬ ಸೂಜಿಹರಳಾಯಿತು.

ಹೋದ ತಿಂಗಳು ಹೈದರಾಬಾದಿಗೆ ಕಳಿಸಿದ ಪೊಟ್ಟಣದ ನಕ್ಷೆ ಬಂತು.
ಕ್ವಾರ್ಟ್ಜ್, ನೆಟ್ಟಗೆ ಎದ್ದ ಕೊಪ್ಪಳದ ಕೋಟೆಗುಡ್ಡ.
ಮುಲೈಟ್, ಹೆಮಟೈಟ್, ಆಸುಪಾಸಿನ ಸಣ್ಣ ಬಂಡೆ.
ಅವುಗಳ ಬುಡದಲ್ಲಿ ಉದ್ದಕ್ಕೆ ಒಂದು ದಿಬ್ಬ,
ತುದಿಯಿಲ್ಲ, ಹೆಸರಿಲ್ಲ.
ಅದು ಗಾಜು. ಅವಸರದಲ್ಲಿ ತಣಿದಿದ್ದಕ್ಕೆ
ಹರಳಾಗಲು ಪುರುಸೊತ್ತು ಸಿಗಲಿಲ್ಲ.
ಬಹಳ ಹೊತ್ತು ಆ ದಿಬ್ಬವನ್ನೇ ನೋಡಿದೆ.

ಕಳೆದ ತೂಕ: ಹದಿನಾಲ್ಕು ದಶಾಂಶ ಎರಡು.

ಶಿಫ್ಟಿನ ಪಾಪಿರೆಡ್ಡಿ ಹುಬ್ಬು ಗಂಟು ಹಾಕುತ್ತಾನೆ,
"ಹದಿನಾಕಾ? ಬೂದ್ಯಾಗ ರೊಕ್ಕ ಹೊಂಟೈತಿ."
ನಾಳೆ ಹಬೆ ತಿರುಗಿಸುತ್ತಾನೆ, ತಟ್ಟೆ ತಿರುಗುವುದನ್ನು ತಗ್ಗಿಸುತ್ತಾನೆ,
ಆರಕ್ಕೆ ಇಳಿದೀತು. ಬೂದಿ ಬೆಳ್ಳಗಾದೀತು.

ಹಿರೇಬಗನಾಳದ ಗಾಳೆಮ್ಮ
ಬೆಳಕು ಹರಿಯುವ ಮುಂಚೆ ಗುಡ್ಡೆಯ ಹಿಂದೆ ಕೂತಿರುತ್ತಾಳೆ,
ಮಡಿಲಲ್ಲಿ ಜರಡಿ.
ತುಣುಕು ಎತ್ತಿ ಅಂಗೈಯಲ್ಲಿ ಒಮ್ಮೆ ಹಾರಿಸುತ್ತಾಳೆ:
ಭಾರ ಬಿದ್ದರೆ "ಸತ್ತದ್ದು", ಎಸೆಯುತ್ತಾಳೆ.
ಹಗುರ ಬಿದ್ದರೆ "ಜೀವ ಐತಿ", ಬುಟ್ಟಿಗೆ.
ಯಾವ ಕುಲುಮೆಯೂ ಬೇಡ ಅವಳಿಗೆ.
ಆ ಬುಟ್ಟಿಯ ಮೇಲೆ ಸಂಜೆ ಹಂಚು ಏರುತ್ತದೆ,
ಜೋಳದ ರೊಟ್ಟಿ ಉಬ್ಬುತ್ತದೆ.
ಆ ಹೊಗೆಗೆ ಅವಳು ಕೆಮ್ಮುವುದೂ ನನಗೆ ಗೊತ್ತು.

ಪೆನ್ನು ಹಿಡಿದು ಕೂತೆ.
ಹತ್ತು ಅಂತ ಬರೆದರೆ ಯಾರು ಕೇಳುತ್ತಾರೆ?
ಹದಿನಾಲ್ಕು ದಶಾಂಶ ಎರಡು ಅಂತಲೇ ಬರೆದೆ.
ಸತ್ಯ ಬರೆದ ಸಮಾಧಾನ ಆಗಲಿಲ್ಲ.

ಎಲ್ಲ ಕೂಡಿಸಿದರೆ ತೊಂಬತ್ತೊಂಬತ್ತು ದಶಾಂಶ ಏಳು.
ನೂರು ತುಂಬುವುದೇ ಇಲ್ಲ ಯಾವತ್ತೂ.
ಅಷ್ಟು ತಪ್ಪಿಗೆ ನಿಯಮದಲ್ಲೇ ಜಾಗ ಇದೆ.

ಮೂಸೆಯಲ್ಲಿ ಉಳಿದದ್ದು ತಿಳಿಗುಲಾಬಿ,
ಕಬ್ಬಿಣದ ಬಣ್ಣ, ಕೂಸಿನ ಹಿಮ್ಮಡಿಯ ಹಾಗೆ.

ಬಾಗಿಲಲ್ಲಿ ಯಮನೂರಸಾಬ ಇನ್ನೂ ನಿಂತಿದ್ದ.
"ಮುಚ್ಚಳ ಕೊಡ್ರಿ ಮೇಡಂ,
ಆರಕ್ಕ ಮತ್ತ ಬೇಕದು."
ನಲ್ಲಿಗೆ ಹಿಡಿದ, ತೊಳೆದ,
ಅಂಗಿಯ ಚುಂಗಿಗೆ ಒರೆಸಿಕೊಂಡ.